ಕೊನೆಯದಕ್ಕೆ ಮಾತ್ರ ಇಲ್ಲ ಅನ್ನಿ

ಹೋಟೆಲಿನಲ್ಲಿ ನಾಲ್ಕು ಜನ ಒಟ್ಟಿಗೆ ಕುಳಿತಾಗ ಮೊದಲು ಬಾಯಿ ಬಿಟ್ಟವನೇ ಉಳಿದ ಮೂವರ ಹೊಟ್ಟೆಯ ಭವಿಷ್ಯವನ್ನೂ ನಿರ್ಧರಿಸುತ್ತಾನೆ. ಇದು ನಾನು ಬಹಳ ದಿನ ಗಮನಿಸಿ, ಬರೆದಿಟ್ಟು, ಕೂಡಿಸಿ ನೋಡಿ ಕಂಡುಕೊಂಡ ಸತ್ಯ. ಅವನು ಖಾರಾಬಾತ್ ಎಂದರೆ ಎರಡನೆಯವನು ‘ನನಗೂ’ ಎನ್ನುತ್ತಾನೆ, ಮೂರನೆಯವನು ಮೊಬೈಲಿನಿಂದ ತಲೆ ಎತ್ತದೆ ಬೆರಳೊಂದನ್ನು ಎತ್ತುತ್ತಾನೆ. ನಾಲ್ಕನೆಯವಳಾದ ನಾನು, ಮನೆ ಬಿಡುವಾಗಲೇ ಇಡ್ಲಿ ವಡೆ ಎಂದು ನಿಶ್ಚಯ ಮಾಡಿಕೊಂಡು ಬಂದಿದ್ದರೂ, ‘ನಾಲ್ಕು ಮಾಡ್ಬಿಡಿ ಅಣ್ಣ’ ಎಂದುಬಿಡುತ್ತೇನೆ. ಖಾರಾಬಾತ್ ನನಗೆ ಸೇರುವುದಿಲ್ಲ. ಅದರೊಳಗಿನ ಬೀನ್ಸ್ ತುಂಡುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತ ಕೂರುತ್ತೇನೆ. ಆದರೂ ನನ್ನ ದಿನಚರಿಯನ್ನು ತೆರೆದು ನೋಡಿದರೆ ಹೋದ ವರ್ಷ ನಾನು ಹೊರಗೆ ತಿಂದ ತಿಂಡಿಗಳಲ್ಲಿ ಮೊದಲ ಸ್ಥಾನ ಅದಕ್ಕೇ ಸಿಕ್ಕಿದೆ.

ದಿನಚರಿಯ ವಿಷಯ ಬಂದಿತಲ್ಲ, ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಿಂದಲೂ ದಿನಚರಿ ಬರೆಯುವವಳು. ಭಾವನೆಗಳನ್ನು ಬರೆಯುವ ಜಾತಿಯಲ್ಲ. ತಾರೀಖು ಹಾಕಿ, ಖಾನೆ ಎಳೆದು, ಗೀಟು ಹಾಕುವ ಜಾತಿ. ಎಷ್ಟು ಲೋಟ ಕಾಫಿ ಕುಡಿದೆ, ಎಷ್ಟು ಮೆಟ್ರೋ ತಪ್ಪಿಸಿಕೊಂಡೆ, ಅಮ್ಮ ಮದುವೆಯ ಮಾತು ಎಷ್ಟು ಸಲ ಎತ್ತಿದಳು, ಎಲ್ಲಕ್ಕೂ ಗೀಟು. ಹೊಸ ವರ್ಷದಲ್ಲಿ ಒಮ್ಮೆ ಉತ್ಸಾಹ ಬಂದು, ದಿನಕ್ಕೆ ಎಷ್ಟು ಬಾರಿ ‘ಹೌದು’ ಎನ್ನುತ್ತೇನೆ, ಎಷ್ಟು ಬಾರಿ ‘ಬೇಡ’ ಎನ್ನುತ್ತೇನೆ ಎಂದು ಎರಡು ಖಾನೆ ಮಾಡಿದೆ. ಬೇಡದ ಖಾನೆ ಎಷ್ಟು ಸ್ವಚ್ಛವಾಗಿ ಉಳಿಯಿತೆಂದರೆ ಅಮ್ಮ ಅದನ್ನು ಕತ್ತರಿಸಿ ದಿನಸಿ ಚೀಟಿಗೆ ಉಪಯೋಗಿಸಲೇ ಎಂದು ಕೇಳಿದಳು. ನಾನು ಹೌದು ಎಂದೆ.

ಇದು ವಂಶಪಾರಂಪರ್ಯವಾಗಿ ಬಂದದ್ದೂ ಇರಬಹುದು. ನಾವು ಹೂಡಿಯವರು, ಅದು ಇನ್ನೂ ಹಳ್ಳಿಯಾಗಿದ್ದ ಕಾಲದಿಂದ. ಈಗ ಗಾಜಿನ ಕಟ್ಟಡವೊಂದರ ಕಾರುಗಳು ನಿಲ್ಲುವ ಜಾಗದಲ್ಲಿ ನಮ್ಮ ತಾತನ ರಾಗಿ ಹೊಲ ಇತ್ತಂತೆ. ಯಾಕೆ ಮಾರಿದಿರಿ ಎಂದು ಕೇಳಿದರೆ ಅಜ್ಜಿಯ ಬಳಿ ಸಿದ್ಧ ಉತ್ತರವಿದೆ. ‘ಆ ಕಡೆಯೋರು ಮಾರುದ್ರು, ಈ ಕಡೆಯೋರು ಮಾರುದ್ರು. ನಡುವೆ ನಾವೊಬ್ರೇ ರಾಗಿ ಬಿತ್ಕಂಡು ಕುಂತಿದ್ರೆ ನೋಡಾಕೆ ಎಂಗಿರ್ತಿತ್ತು ಏಳು? ಎಲ್ರೂ ಎಂಗೋ ನಾವೂ ಅಂಗೇ.’ ನೋಡಲು ಚೆನ್ನಾಗಿರುವುದಿಲ್ಲ ಎಂಬ ಕಾರಣಕ್ಕೆ ಹೊಲ ಮಾರಿದವರ ಮೊಮ್ಮಗಳು ಖಾರಾಬಾತ್ ತಿನ್ನುವುದರಲ್ಲಿ ಆಶ್ಚರ್ಯವೇನಿದೆ?

ತಿಂಡಿಯ ಮಟ್ಟದಲ್ಲಿ ಇದು ನಿರುಪದ್ರವಿ ಕಾಯಿಲೆ. ಆದರೆ ನಾನು ಕೆಲಸಕ್ಕೆ ಸೇರಿದ್ದು ಸಾಲ ಕೊಡುವ ಕಂಪನಿಗೆ. ನಮ್ಮ ಬ್ರಾಂಚು ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಕೆಳಗೆ ಪೈಪು ಕತ್ತರಿಸುವ ಸದ್ದು, ಮೇಲೆ ನಾವು ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ಸದ್ದು. ಸಾಲದ ಜೊತೆಗೆ ಒಂದು ಜೀವವಿಮೆಯ ಪಾಲಿಸಿಯನ್ನೂ ಮಾರಬೇಕು. ನಿಯಮದ ಪ್ರಕಾರ ಅದು ಗ್ರಾಹಕರ ಇಷ್ಟ; ಬೇಕಾದರೆ ತೆಗೆದುಕೊಳ್ಳಬಹುದು, ಬೇಡವಾದರೆ ಬಿಡಬಹುದು. ನಮ್ಮ ಬ್ರಾಂಚಿನ ಪ್ರಕಾರ ಗ್ರಾಹಕರ ಇಷ್ಟ ಎಂಬುದು ಗ್ರಾಹಕರಿಗೇ ಬಿಡಬಹುದಾದಷ್ಟು ಸಣ್ಣ ವಿಷಯವಲ್ಲ. ಸಾಲ ಕೇಳಲು ಬಂದವರು ಮೊದಲೇ ಹೆದರಿಕೊಂಡಿರುತ್ತಾರೆ. ಅವರ ಮುಂದೆ ಪಾಲಿಸಿಯ ಕಾಗದವನ್ನು ಸಾಲದ ಕಾಗದಗಳ ನಡುವೆ ಸೇರಿಸಿಟ್ಟು, ‘ಎಲ್ರೂ ಮಾಡಿಸ್ತಾರೆ’ ಎಂದರೆ ಸಾಕು, ಸಹಿ ಬೀಳುತ್ತದೆ. ಮೊದಲ ಕಂತು ಸಾಲದ ಹಣದಿಂದಲೇ ಕಡಿತವಾಗುತ್ತದೆ. ಮರುವರ್ಷದಿಂದ ಅವರೇ ಕಟ್ಟಬೇಕು. ಕಟ್ಟದಿದ್ದರೆ ಮೊದಲು ಕಟ್ಟಿದ್ದೂ ಹೋಯಿತು.

ಇದನ್ನು ತಡೆಯಲೆಂದೇ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಮುಖ್ಯ ಕಚೇರಿಯಿಂದ ಗ್ರಾಹಕರಿಗೆ ಒಂದು ಫೋನು ಬರುತ್ತದೆ. ಪಾಲಿಸಿಯ ವಿವರ ತಿಳಿಸಿದರೇ, ಇದು ಪ್ರತಿ ವರ್ಷ ಕಟ್ಟಬೇಕಾದದ್ದು ಎಂದು ಗೊತ್ತೇ, ನೀವು ಇಷ್ಟಪಟ್ಟೇ ತೆಗೆದುಕೊಂಡಿರೇ ಎಂದೆಲ್ಲ ಕೇಳುತ್ತಾರೆ. ಎಲ್ಲದಕ್ಕೂ ಸರಿಯಾದ ಉತ್ತರ ಕೊಟ್ಟರೆ ಮಾತ್ರ ಪಾಲಿಸಿ ಜಾರಿಯಾಗುತ್ತದೆ, ಇಲ್ಲವಾದರೆ ರದ್ದು. ಹಾಗಾಗಿ ನಮ್ಮ ಬ್ರಾಂಚಿನಲ್ಲಿ ಸಹಿಯ ಹಿಂದೆಯೇ ಒಂದು ಪಾಠ ನಡೆಯುತ್ತದೆ. ನನ್ನ ಪಕ್ಕದ ಮೇಜಿನ ನವೀನ ಈ ಪಾಠದಲ್ಲಿ ನಿಪುಣ. ‘ಫೋನ್ ಬರತ್ತೆ ಸಾರ್. ಏನ್ ಕೇಳಿದ್ರೂ ಹೌದು ಅನ್ನಿ. ತಲೆ ಅಲ್ಲಾಡಿಸ್ಬೇಡಿ, ಫೋನಲ್ಲಿ ಕಾಣ್ಸಲ್ಲ, ಬಾಯ್ಬಿಟ್ಟು ಹೌದು ಅನ್ಬೇಕು. ಕೊನೆಯದಕ್ಕೆ ಮಾತ್ರ ಇಲ್ಲ ಅನ್ನಿ.’ ಆ ಕೊನೆಯ ಪ್ರಶ್ನೆ ಏನೆಂದರೆ, ಹೀಗೇ ಉತ್ತರಿಸಿ ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ?

ಇನ್ನು ಕುರ್ಚಿಯ ಕಥೆ. ನಮ್ಮ ಬ್ರಾಂಚಿನಲ್ಲಿ ಗ್ಯಾಸು ಹೋದ ಚಕ್ರದ ಕುರ್ಚಿ ಒಂದಿದೆ. ಹಿಡಿ ಎತ್ತಿ ಮೇಲೇರಿಸಿ ಕುಳಿತರೆ ಕೆಲವು ನಿಮಿಷ ಗೌರವವಾಗಿ ನಿಲ್ಲುತ್ತದೆ. ಆಮೇಲೆ ನಿಟ್ಟುಸಿರು ಬಿಡುತ್ತ ನಿಧಾನವಾಗಿ ಇಳಿಯತೊಡಗುತ್ತದೆ. ಕುಳಿತವರಿಗೆ ಗೊತ್ತಾಗುವುದಿಲ್ಲ. ಮೇಜು ಗಲ್ಲದ ಹತ್ತಿರ ಬಂದಾಗ ಗೊತ್ತಾಗುತ್ತದೆ. ಕೊನೆಗೆ ಒಂದು ಸಣ್ಣ ಧಡ್ ಸದ್ದಿನೊಂದಿಗೆ ತಳ ಮುಟ್ಟುತ್ತದೆ. ಅದಕ್ಕೆ ನಮ್ಮವರು ಇಟ್ಟ ಹೆಸರು ಪಾತಾಳ. ಸೋಮವಾರ ಬೆಳಿಗ್ಗೆ, ಹಿಂದಿನ ವಾರ ಅತಿ ಕಡಿಮೆ ಪಾಲಿಸಿ ಮಾರಿದವರಿಗೆ ಪಾತಾಳ. ಇದು ಯಾರ ಆದೇಶವೂ ಅಲ್ಲ. ನಮ್ಮ ಮ್ಯಾನೇಜರ್ ಶೋಭಾ ಮೇಡಂ ಅವರನ್ನು ಕೇಳಿದರೆ, ‘ಅಯ್ಯೋ, ಅದು ಹುಡುಗರ ತಮಾಷೆ’ ಎನ್ನುತ್ತಾರೆ. ಆದರೆ ಕುರ್ಚಿ ರಿಪೇರಿಗೆ ಬರೆದುಕೊಟ್ಟ ಅರ್ಜಿಗೆ ಮಾತ್ರ ಸಹಿ ಹಾಕುವುದಿಲ್ಲ.

ಸೇರಿದಾಗಿನಿಂದ ನಾನು ಪಾತಾಳದ ಕಾಯಂ ನಿವಾಸಿ. ನನ್ನ ಮುಂದೆ ಬಂದು ಕುಳಿತ ಗ್ರಾಹಕರು ಮೊದಲು ನನ್ನ ಮುಖದೊಂದಿಗೆ ಮಾತು ಆರಂಭಿಸಿ, ಆಮೇಲೆ ಹಣೆಯೊಂದಿಗೆ ಮುಂದುವರಿಸಿ, ಕೊನೆಗೆ ಪಕ್ಕದವರನ್ನು ‘ಇಲ್ಲಿದ್ದ ಮೇಡಂ ಎಲ್ಲಿ ಹೋದ್ರು?’ ಎಂದು ಕೇಳುತ್ತಿದ್ದರು. ಪಾಲಿಸಿ ಮಾರಾಟವಾಗದಿರಲು ಕಾರಣ ಕುರ್ಚಿಯಲ್ಲ. ನಾನು ಎಲ್ಲವನ್ನೂ ಕ್ರಮವಾಗಿ, ಖಾನೆ ಎಳೆದ ಹಾಗೆ ವಿವರಿಸುತ್ತಿದ್ದೆ. ಇದು ವಿಮೆ, ಇದು ಕಡ್ಡಾಯವಲ್ಲ, ಇಷ್ಟು ವರ್ಷ ಕಟ್ಟಬೇಕು, ನಡುವೆ ಬಿಟ್ಟರೆ ಇಷ್ಟು ನಷ್ಟ. ಕೇಳಿದವರು ಬಹಳ ಸಂತೋಷದಿಂದ ನಮಸ್ಕಾರ ಮಾಡಿ, ಪಾಲಿಸಿ ಬಿಟ್ಟು ಸಾಲ ಮಾತ್ರ ತೆಗೆದುಕೊಂಡು ಹೋಗುತ್ತಿದ್ದರು. ಒಮ್ಮೆ ನವೀನ ತನ್ನ ಎತ್ತರದ ಕುರ್ಚಿಯಿಂದ ಬಗ್ಗಿ ನೋಡಿ ಹೇಳಿದ: ‘ಸಿಂಧು, ನೀನು ಪಾಲಿಸಿ ಮಾರ್ತಿಲ್ಲ ಕಣಮ್ಮ. ಚಂಡಮಾರುತ ಬರತ್ತೆ, ಸಮುದ್ರಕ್ಕೆ ಇಳೀಬೇಡಿ ಅಂತ ಎಚ್ಚರಿಕೆ ಕೊಡ್ತಿದೀಯ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಎಲ್ಲರೂ ನಗುವಾಗ ನಗದೆ ಇರುವುದು ನನಗೆ ಬರುವುದಿಲ್ಲ.

ನಗುವುದಕ್ಕಿಂತ ಕಷ್ಟವಾದದ್ದು ಪರ್ವೀನಳ ಸಮಾಧಾನ. ಎಡಗಡೆಯ ಮೇಜಿನವಳು, ನನಗಿಂತ ಎರಡು ವರ್ಷ ಹಿರಿಯಳು, ಮಧ್ಯಾಹ್ನದ ಊಟದಲ್ಲಿ ತನ್ನ ಡಬ್ಬಿಯಿಂದ ಅರ್ಧ ನನಗೆ ಹಾಕುವವಳು. ನವೀನ ಗದರಿಸಿದ್ದರೆ ಎದುರಾಡಬಹುದಿತ್ತೇನೋ. ಇವಳು ಪ್ರೀತಿಯಿಂದ ಹೇಳಿದಳು. ‘ನಂಗೂ ಮೊದ್ಲು ಹಂಗೇ ಆಗಿತ್ತು ಕಣೇ. ಒಂದು ವಾರ ಹೊಟ್ಟೇಲಿ ಕಲ್ಲಿಟ್ಟಂಗಿತ್ತು. ಆಮೇಲೆ ಎಲ್ರ ಜೊತೆ ಟೀ ಕುಡ್ದೆ, ಸರಿ ಹೋಯ್ತು.’ ಎಲ್ಲರೂ ಒಟ್ಟಿಗೆ ಕುಡಿದರೆ ಟೀಗೆ ಅಂಥ ಔಷಧಿ ಗುಣ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ನನ್ನ ಪ್ರೊಬೇಷನ್ನು ಬೇರೆ ಮುಗಿಯುತ್ತ ಬಂದಿತ್ತು.

ಹೀಗಿರುವಾಗ ಒಂದು ಗುರುವಾರ ಶರಣಮ್ಮ ಬಂದರು. ಯಾದಗಿರಿ ಕಡೆಯವರು, ಐವತ್ತರ ಆಸುಪಾಸು. ಕುಂದಲಹಳ್ಳಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಕಟ್ಟಡ ಕೆಲಸಕ್ಕೆ ಬಂದ ತಮ್ಮ ಸೀಮೆಯವರಿಗೆಲ್ಲ ಜೋಳದ ರೊಟ್ಟಿ ಬಡಿದು ಕೊಡುವುದು ಅವರ ವ್ಯಾಪಾರ. ಬೇಡಿಕೆ ಬಹಳ, ಆದರೆ ಭುಜ ಹಿಡಿದುಕೊಂಡಿದೆ, ಕೈ ಮೇಲೇಳುವುದಿಲ್ಲ. ರೊಟ್ಟಿ ಮಾಡುವ ಮಷಿನ್ ಒಂದನ್ನು ನೋಡಿ ಬಂದಿದ್ದರು. ಅದರ ಬೆಲೆಗೆ ಸರಿಯಾಗಿ ಅವರಿಗೆ ಸಾಲ ಮಂಜೂರಾಗಿತ್ತು. ಅಲ್ಲಿಗಲ್ಲಿಗೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಅದರಲ್ಲಿ ಪಾಲಿಸಿಯ ಕಂತು ಕಡಿತವಾದರೆ ಮಷಿನ್ ಬರುವುದಿಲ್ಲ ಎಂದು ಲೆಕ್ಕ ಹಾಕಲು ದಿನಚರಿ ಬೇಕಿರಲಿಲ್ಲ. ನನಗೆ ಅದು ಗೊತ್ತಿತ್ತು. ನವೀನನ ಕಣ್ಣು ನನ್ನ ಮೇಲಿತ್ತು, ಶೋಭಾ ಮೇಡಂ ಗಾಜಿನ ಕೋಣೆಯಿಂದ ನೋಡುತ್ತಿದ್ದರು, ಪರ್ವೀನ್ ಧೈರ್ಯ ತುಂಬುವಂತೆ ಮೆಲ್ಲಗೆ ತಲೆಯಾಡಿಸಿದಳು. ಕುರ್ಚಿ ಇಳಿಯುತ್ತಿತ್ತು. ‘ಇದನ್ನ ಎಲ್ರೂ ಮಾಡಿಸ್ತಾರೆ ಅಮ್ಮಾ’ ಎಂದು ಯಾರೋ ಹೇಳಿದ್ದು ಕೇಳಿಸಿತು. ಧ್ವನಿ ನನ್ನದೇ.

ಶರಣಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು. ಪಾಠ ಆರಂಭಿಸಿದೆ. ಅಂಥ ವಿಧೇಯ ವಿದ್ಯಾರ್ಥಿನಿಯನ್ನು ನಾನು ಕಂಡಿಲ್ಲ. ನಾನು ಒಂದೊಂದು ಪ್ರಶ್ನೆ ಕೇಳಿದಂತೆಲ್ಲ ನೆಟ್ಟಗೆ ಕುಳಿತು ‘ಹೌದ್ರಿ’ ಎನ್ನುತ್ತಿದ್ದರು. ಪ್ರಶ್ನೆ ಮುಗಿಯುವ ಮೊದಲೇ ಹೇಳಬಾರದು ಎಂದು ತಿದ್ದಿದೆ. ಅದಕ್ಕೂ ‘ಹೌದ್ರಿ’ ಎಂದರು. ಇನ್ನು ಕೊನೆಯ ಪ್ರಶ್ನೆಗೆ ಬರಬೇಕು, ಆಗಲೇ ಪಾತಾಳ ಧಡ್ ಎಂದು ತಳ ಮುಟ್ಟಿತು. ನಾನು ಮೇಜಿನ ಕೆಳಗಿನಿಂದ ಎದ್ದು, ಕೂದಲು ಸರಿಪಡಿಸಿಕೊಂಡು, ಕೈ ಮುಗಿದು ಅವರನ್ನು ಬೀಳ್ಕೊಟ್ಟೆ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಶರಣಮ್ಮ ಹೊರಗೆ ಹೋಗುತ್ತ ನನಗೆ ಬಹುಮಾನ ಬಂದಿರಬೇಕೆಂದು ತಿಳಿದು ತಾವೂ ಎರಡು ಸಲ ತಟ್ಟಿ ಹೋದರು.

ಸೋಮವಾರ ನನಗೆ ಗಟ್ಟಿ ಕುರ್ಚಿ ಸಿಕ್ಕಿತು. ಪಾತಾಳ ಪರ್ವೀನಳ ಪಾಲಾಯಿತು. ಹಿಂದಿನ ವಾರದ ಮೊದಲ ಮೂರು ದಿನ ಅವಳು ಜ್ವರ ಬಂದು ರಜೆ ಹಾಕಿದ್ದಳು, ಪಾತಾಳಕ್ಕೆ ಅದೆಲ್ಲ ಲೆಕ್ಕಕ್ಕಿಲ್ಲ. ಆದರೆ ವಿಚಿತ್ರ ನೋಡಿ, ಇಳಿಯುವ ಕುರ್ಚಿಯಲ್ಲಿ ತಿಂಗಳುಗಟ್ಟಲೆ ಕುಳಿತವಳಿಗೆ ಗಟ್ಟಿ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಏಳುತ್ತೇನೆ, ನೀರು ಕುಡಿಯುತ್ತೇನೆ, ಕೂರುತ್ತೇನೆ, ಮತ್ತೆ ಏಳುತ್ತೇನೆ. ಕಿಟಕಿಯ ಬಳಿ ಹೋಗಿ ಕೆಳಗೆ ಪೈಪು ಕತ್ತರಿಸುವುದನ್ನು ನೋಡುತ್ತೇನೆ. ಏನೂ ತಿನ್ನದಿದ್ದರೂ ಹೊಟ್ಟೆಯಲ್ಲಿ ಆ ಕಲ್ಲು. ಪರ್ವೀನ್ ಹೇಳಿದ ಪ್ರಕಾರ ಎಲ್ಲರ ಜೊತೆ ಟೀ ಕುಡಿದೆ. ಕಲ್ಲು ತೊಯ್ದಿತೇ ಹೊರತು ಕರಗಲಿಲ್ಲ. ಟೀ ಹೀರುತ್ತ ನವೀನ ಸಹಜವಾಗಿ ಕೇಳಿದ, ‘ಕೊನೇದು ಹೇಳ್ಕೊಟ್ಟೆ ತಾನೇ?’ ಅಷ್ಟರಲ್ಲಿ ಪಾತಾಳ ತಳ ಮುಟ್ಟಿಬಿಟ್ಟಿತು ಎಂದೆ. ಅವನ ಮುಖ ಮೊದಲ ಬಾರಿಗೆ ಗಂಭೀರವಾಯಿತು. ‘ಮಚ್ಚಾ, ನೀನೊಬ್ಳೇ ಅಲ್ಲ, ಇಡೀ ಬ್ರಾಂಚು ಮುಳುಗತ್ತೆ. ಫೋನ್ ಮಾಡು ಈಗ್ಲೇ.’

ಮಾಡಿದೆ. ಶರಣಮ್ಮನವರೇ, ಕೊನೆಯ ಪ್ರಶ್ನೆಗೆ ಮಾತ್ರ ಇಲ್ಲ ಅನ್ನಬೇಕು, ಗೊತ್ತಾಯ್ತಾ ಎಂದೆ. ‘ಹೌದ್ರಿ’ ಎಂದರು. ಏನು ಅನ್ನಬೇಕು ಎಂದು ಕೇಳಿದೆ. ‘ಹೌದ್ರಿ.’ ಹೌದು ಅಲ್ಲಮ್ಮಾ, ಇಲ್ಲ ಅನ್ನಬೇಕು. ‘ಹೌದ್ರಿ, ಹೌದ್ರಿ.’ ನನ್ನ ಪಾಠ ಅಷ್ಟು ಚೆನ್ನಾಗಿ ಹತ್ತಿಬಿಟ್ಟಿತ್ತು. ಖುದ್ದಾಗಿ ಹೋಗದೆ ವಿಧಿಯಿಲ್ಲ ಎಂದು ಎಲ್ಲರೂ ತೀರ್ಮಾನಿಸಿದರು. ಶೋಭಾ ಮೇಡಂ, ಯಾವುದೋ ಸಹಿ ಬಿಟ್ಟುಹೋಗಿದೆ ಎಂದು ಬರೆದು ನನಗೆ ಹೊರಗೆ ಹೋಗಲು ಅನುಮತಿ ಕೊಟ್ಟರು. ಓದುಗರು ನಾನು ಆತ್ಮಸಾಕ್ಷಿಯ ಕರೆಗೆ ಓಗೊಟ್ಟು ಹೊರಟೆ ಎಂದು ದಯವಿಟ್ಟು ತಿಳಿಯಬಾರದು. ನಾನು ಹೊರಟದ್ದು ಪಾಠದ ಕೊನೆಯ ಅಧ್ಯಾಯ ಮುಗಿಸಲು.

ಮರುದಿನ ಮಧ್ಯಾಹ್ನ ಹೂಡಿಯಲ್ಲಿ ಮೆಟ್ರೋ ಹತ್ತಿದೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಬಾಗಿಲಿನ ಮುಂದೆ ದೊಡ್ಡ ಗುಂಪು ನಿಂತಿತ್ತು, ಮುಂದಿನ ಬಾಗಿಲಿನ ಹತ್ತಿರ ಯಾರೂ ಇರಲಿಲ್ಲ. ನಾನು ಗುಂಪಿನಲ್ಲಿ ನಿಂತೆ. ಇಷ್ಟು ಜನ ನಿಂತಿದ್ದಾರೆ ಎಂದರೆ ಏನೋ ಕಾರಣವಿರಬೇಕಲ್ಲ! ರೈಲು ಬಂದಾಗ ನುಗ್ಗಿ, ಒಬ್ಬರ ಬ್ಯಾಗಿಗೂ ಇನ್ನೊಬ್ಬರ ಮೊಣಕೈಗೂ ನಡುವೆ ನಿಂತು, ಖಾಲಿಯಾಗಿದ್ದ ಪಕ್ಕದ ಡಬ್ಬಿಯನ್ನು ನೋಡುತ್ತ ಕುಂದಲಹಳ್ಳಿ ತಲುಪಿದೆ. ಅಲ್ಲಿಂದ ಹಳೆಯ ಊರಿನ ಓಣಿಗೆ ಇಳಿದರೆ ಗಾಜಿನ ಕಟ್ಟಡಗಳು ಒಮ್ಮೆಲೇ ಬೆನ್ನ ಹಿಂದೆ ಬೀಳುತ್ತವೆ. ರೊಟ್ಟಿ ಬಡಿಯುವ ಸದ್ದು ಹಿಡಿದುಕೊಂಡು ಹೋದರೆ ಮನೆ ಕೇಳುವ ಅಗತ್ಯವೇ ಇಲ್ಲ.

ಕೋಣೆ ಚಿಕ್ಕದು, ಒಲೆಯ ಬಿಸಿಗೆ ಕಾದಿತ್ತು. ಗೋಡೆಯ ಬದಿಯಲ್ಲಿ ಸೀಮೆಸುಣ್ಣದಿಂದ ಒಂದು ದೊಡ್ಡ ಚೌಕ ಎಳೆದಿತ್ತು. ನಾನು ಅದರ ಮೇಲೆ ಕಾಲಿಡಲು ಹೋದಾಗ ಶರಣಮ್ಮ ಕೈ ಅಡ್ಡ ಹಿಡಿದರು. ‘ಅಲ್ಲಿ ತುಳೀಬ್ಯಾಡ್ರಿ, ಅಲ್ಲಿ ಮಷಿನ್ ಐತಿ.’ ಮಷಿನ್ ಇರಲಿಲ್ಲ. ಆದರೂ ನಾನು ಸುತ್ತಿ ಹೋಗಿ ಕುಳಿತೆ. ಅದಕ್ಕೆಂದೇ ಹೊಸ ಪ್ಲಗ್ಗು ಹಾಕಿಸಿದ್ದರು, ಮೇಲೆ ಅರಿಸಿನ ಕುಂಕುಮ ಬೇರೆ ಇಟ್ಟಿದ್ದರು. ಸಾಲದ ದುಡ್ಡಿನಲ್ಲಿ ಸ್ವಲ್ಪ ಕಡಿಮೆ ಬರುತ್ತದಂತೆ, ಅಷ್ಟನ್ನು ಓಣಿಯ ಬಡ್ಡಿ ವ್ಯಾಪಾರಿಯ ಬಳಿ ಕೇಳಿದ್ದಾರಂತೆ, ಅವನ ಬಡ್ಡಿ ವಾರ ವಾರ ಕೊಡಬೇಕಂತೆ. ಇದನ್ನೆಲ್ಲ ಹೇಳುತ್ತ ನನ್ನ ಮುಂದೆ ತಟ್ಟೆ ಇಟ್ಟು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಹಾಕಿದರು. ಬೇಡ ಎನ್ನಲು ಬರುವುದಿಲ್ಲವಲ್ಲ, ತಿನ್ನತೊಡಗಿದೆ. ಬಡ್ಡಿಗೆ ಯಾಕೆ ತೆಗೆದುಕೊಳ್ಳುತ್ತೀರಿ, ಆ ಪಾಲಿಸಿ ನಿಮಗೆ ಬೇಕಿತ್ತೇ ಎಂದು ಕೇಳಿದೆ. ಕೇಳಿದ ಮೇಲೆ ಯಾಕೆ ಕೇಳಿದೆನೋ ಎನಿಸಿತು. ‘ಎಲ್ಲಾರೂ ಮಾಡ್ಸತಾರ ಅಂದ್ರಲ್ರಿ ನೀವು’ ಎಂದರು ಶರಣಮ್ಮ. ‘ಎಲ್ಲಾರೂ ಮಾಡ್ಸಿದ ಮ್ಯಾಲ ನಾ ಒಬ್ಬಾಕಿ ಬ್ಯಾಡ ಅಂದ್ರ ಚೊಲೊ ಕಾಣಂಗಿಲ್ಲಲ್ರಿ.’ ನಮ್ಮ ಅಜ್ಜಿ ಯಾದಗಿರಿಯವರ ಬಾಯಲ್ಲಿ ಮಾತಾಡಿದ ಹಾಗಾಯಿತು. ನಾನು ತಟ್ಟೆಯಲ್ಲಿ ಬೆರಳಾಡಿಸಿದೆ. ಇಲ್ಲಿ ಬೀನ್ಸ್ ಇರಲಿಲ್ಲ, ತಟ್ಟೆಯ ಅಂಚಿಗೆ ತೆಗೆದಿಡಲು ಏನೂ ಇರಲಿಲ್ಲ.

ಆಗಲೇ ಫೋನು ಬಂತು. ಶರಣಮ್ಮ ಸೆರಗಿಗೆ ಕೈ ಒರೆಸಿಕೊಂಡು, ಸ್ಪೀಕರ್ ಹಾಕಿ, ನಮ್ಮ ಆಫೀಸಿನಲ್ಲಿ ಕುಳಿತ ಹಾಗೆಯೇ ನೆಟ್ಟಗೆ ಕುಳಿತರು. ಕೊನೆಯ ಪಾಠ ಇನ್ನೂ ಆಗಿಲ್ಲ, ತಡೆಯಿರಿ ಎಂದು ನಾನು ಕೈ ಬೀಸಿದೆ, ತಲೆ ಅಲ್ಲಾಡಿಸಿದೆ. ಅವರು ಅದನ್ನು ಶಾಭಾಸ್ ಎಂದು ತಿಳಿದರು. ಆ ಕಡೆಯ ಹುಡುಗ ಒಂದೇ ಉಸಿರಿನಲ್ಲಿ ಓದುತ್ತಿದ್ದ, ಇವರು ಪ್ರತಿಯೊಂದಕ್ಕೂ ಪ್ರಶ್ನೆ ಮುಗಿಯುವ ತನಕ ಕಾದು ‘ಹೌದ್ರಿ’ ಎನ್ನುತ್ತಿದ್ದರು. ಕೊನೆಯ ಪ್ರಶ್ನೆ ಬಂತು. ಹೀಗೇ ಉತ್ತರಿಸಿ ಎಂದು ನಿಮಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ? ಶರಣಮ್ಮನ ಮುಖ ಅರಳಿತು. ‘ಹೌದ್ರಿ. ನಿಮ್ಮ ಆಫೀಸಿನ ಮೇಡಮ್ಮಾರ ಹೇಳಿಕೊಟ್ಟಾರ್ರಿ, ಭಾಳ ಚೊಲೊ ಹೇಳಿಕೊಡ್ತಾರ. ಇಲ್ಲೇ ಊಟ ಮಾಡಾಕತ್ತಾರ, ಕೊಡ್ಲ್ಯಾ?’ ಕೊಟ್ಟೇಬಿಟ್ಟರು.

ಆ ಕಡೆ ಕಂಪ್ಯೂಟರಿನ ಕೀಲಿಗಳನ್ನು ಒಂದೇ ಸಮನೆ ಒತ್ತುವ ಸದ್ದು ಕೇಳಿಸಿತು. ನನ್ನ ಬಾಯಿಯಲ್ಲಿ ರೊಟ್ಟಿ. ಕೊನೆಗೆ ಹುಡುಗ ಓದುವ ಧ್ವನಿ ಬಿಟ್ಟು ಮಾತಾಡುವ ಧ್ವನಿಯಲ್ಲಿ, ರೆಕಾರ್ಡಿಂಗ್ ನಿಲ್ಲಿಸಿದ್ದೇನೆ ಎಂದ. ಅವನ ದನಿಯಲ್ಲಿ ನನ್ನಷ್ಟೇ ಚಡಪಡಿಕೆ ಇತ್ತು. ‘ಮೇಡಂ, ಈ ಪ್ರಶ್ನೆಗೆ ಇಲ್ಲಿ ತನಕ ಯಾರೂ ಹೌದು ಅಂದಿಲ್ಲ. ಅಂದ್ರೆ ಮುಂದೆ ಏನ್ ಕೇಳ್ಬೇಕು ಅಂತ ನನ್ ಸ್ಕ್ರೀನಲ್ಲೇ ಇಲ್ಲ. ಇಲ್ಲ ಅಂತ ಹಾಕ್ಬಿಡ್ಲಾ? ಇಂಥವನ್ನ ನಮ್ಮಲ್ಲಿ ಎಲ್ರೂ ಹಂಗೇ ಮಾಡೋದು.’

ಎಲ್ಲರೂ ಹಾಗೇ ಮಾಡುವುದು. ಹೂಡಿಯಲ್ಲಿ ಎಲ್ಲರೂ, ಕುಂದಲಹಳ್ಳಿಯಲ್ಲಿ ಎಲ್ಲರೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಎಲ್ಲರೂ. ಈ ಎಲ್ಲರೂ ಎಂಬುವರು ಎಲ್ಲಿ ಕೂರುತ್ತಾರೋ, ಅವರ ಕುರ್ಚಿ ಹೇಗಿದೆಯೋ, ಒಮ್ಮೆ ಹೋಗಿ ನೋಡಬೇಕೆನಿಸಿತು. ಹೂಂ ಎಂದರೆ ಮುಗಿಯಿತು. ಬಾಯಿ ತುಂಬಿದ್ದಾಗಲೂ ಹೇಳಬಹುದಾದ ಪದ ಅದು. ನನ್ನ ಕಣ್ಣು ಸೀಮೆಸುಣ್ಣದ ಚೌಕದ ಮೇಲಿತ್ತು. ಏನೂ ಇಲ್ಲದ ಆ ಜಾಗವನ್ನು ನಾನೇ ಸ್ವಲ್ಪ ಹೊತ್ತಿನ ಮುಂಚೆ ಸುತ್ತಿಕೊಂಡು ಬಂದಿದ್ದೆ. ‘ಬೇಡ’ ಎಂದೆ. ರೊಟ್ಟಿಯ ನಡುವಿನಿಂದ ಅದು ಏನಾಗಿ ಕೇಳಿಸಿತೋ, ಹುಡುಗ ‘ಆಂ?’ ಎಂದ. ನುಂಗಿ, ನೀರು ಕುಡಿದು, ಎರಡನೆಯ ಸಲ ಹೇಳಿದೆ. ‘ಬೇಡ. ಹೌದು ಅಂತಾನೇ ಹಾಕಿ. ಹೇಳ್ಕೊಟ್ಟಿದ್ದು ನಾನೇ.’ ಎರಡನೆಯ ಸಲ ಹೇಳುವಾಗ ಧೈರ್ಯ ಮೊದಲಿನಷ್ಟು ಇರಲಿಲ್ಲ ಎಂಬುದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ. ಹುಡುಗ ಹೆಸರು ಕೇಳಿ ಬರೆದುಕೊಂಡ.

ಫೋನು ಇಟ್ಟ ಮೇಲೆ ಶರಣಮ್ಮ, ತಪ್ಪು ಹೇಳಿದೆನೇ ಎಂದು ಗಾಬರಿಯಿಂದ ಕೇಳಿದರು. ತಪ್ಪು ಹೇಳಿದ್ದು ನಾನು ಎಂದು, ಮೊದಲ ದಿನವೇ ಹೇಳಬೇಕಾದದ್ದನ್ನೆಲ್ಲ ಹೇಳಿದೆ. ಇದು ಕಡ್ಡಾಯವಲ್ಲ, ಎಲ್ಲರೂ ಮಾಡಿಸುವುದಿಲ್ಲ, ಈಗ ಅದು ರದ್ದಾಗುತ್ತದೆ, ಸಾಲ ಪೂರ್ತಿ ಬರುತ್ತದೆ, ಬಡ್ಡಿಯವನ ಬಳಿ ಹೋಗಬೇಡಿ. ಅವರು ನನ್ನನ್ನೂ ನನ್ನ ತಟ್ಟೆಯನ್ನೂ ಬಹಳ ಹೊತ್ತು ನೋಡಿದರು. ತಟ್ಟೆಯನ್ನು ಎಳೆದುಕೊಳ್ಳುತ್ತಾರೋ ಎಂದು ನಾನು ಅದರ ಅಂಚು ಹಿಡಿದುಕೊಂಡೆ. ‘ಮದ್ಲ ಇದನ್ನ ಹೇಳಿದ್ರ’ ಎಂದರು ಕೊನೆಗೆ, ಮೇಡಮ್ಮಾರ ಎಂಬುದನ್ನು ಬಿಟ್ಟು, ‘ನಿನಗ ಇನ್ನೆರಡು ರೊಟ್ಟಿ ಹೆಚ್ಚು ಹಾಕ್ತಿದ್ದೆ ತಂಗಿ.’ ಹಾಕಲಿಲ್ಲ. ನಾನೂ ಕೇಳಲಿಲ್ಲ.

ಬ್ರಾಂಚು ಮುಳುಗಲಿಲ್ಲ. ಇಂಥ ಕಥೆಗಳಲ್ಲಿ ಏನೋ ದೊಡ್ಡದು ಆಗಬೇಕು, ಆಗಲಿಲ್ಲ. ಶೋಭಾ ಮೇಡಂ ಗಾಜಿನ ಕೋಣೆಗೆ ಕರೆದು, ನಾನು ಒಳ್ಳೆಯ ಹುಡುಗಿ, ಆದರೆ ತಂಡದಲ್ಲಿ ಬೆರೆಯುವುದನ್ನು ಇನ್ನೂ ಕಲಿಯಬೇಕು ಎಂದರು. ಕಲಿಯಲೆಂದು ಪ್ರೊಬೇಷನ್ನನ್ನು ಮುಂದಕ್ಕೆ ಹಾಕಿದರು. ಮುಖ್ಯ ಕಚೇರಿಯಿಂದ ಬಹಳ ಗಂಭೀರವಾದ ಸುತ್ತೋಲೆಯೊಂದು ಬಂತು. ನಾನು ಉಸಿರು ಬಿಗಿಹಿಡಿದು ಓದಿದೆ. ಕೊನೆಯ ಪ್ರಶ್ನೆಯಿಂದ ಗ್ರಾಹಕರಲ್ಲಿ ಗೊಂದಲ ಉಂಟಾಗುತ್ತಿರುವುದು ಗಮನಕ್ಕೆ ಬಂದಿರುವುದರಿಂದ ಆ ಪ್ರಶ್ನೆಯನ್ನು ಕೈಬಿಡಲಾಗಿದೆ ಎಂದಿತ್ತು. ನವೀನನಿಗೆ ಬಹಳ ಅನುಕೂಲವಾಯಿತು. ಈಗ ಪಾಠ ಒಂದು ಸಾಲು ಕಡಿಮೆ. ಸೋಮವಾರ ಅವನೇ ಪಾತಾಳವನ್ನು ಉರುಳಿಸಿಕೊಂಡು ಬಂದು ನನ್ನ ಮೇಜಿನ ಮುಂದೆ ನಿಲ್ಲಿಸಿ, ಚೆನ್ನಾಗಿ ಒರೆಸಿ, ‘ಬನ್ನಿ, ಸ್ವಂತ ಮನೆ’ ಎಂದ. ಪರ್ವೀನ್ ಮಾತ್ರ, ಪಾತಾಳದಲ್ಲಿ ಕೂರುವಾಗ ಎತ್ತರಕ್ಕೆಂದು ಮನೆಯಿಂದ ತಂದಿದ್ದ ತನ್ನ ದಿಂಬನ್ನು ಅದರ ಮೇಲೆ ಬಿಟ್ಟು ಹೋಗಿದ್ದಳು. ಮರೆತದ್ದೋ ಬೇಕೆಂದೇ ಬಿಟ್ಟದ್ದೋ ಎಂದು ನಾನು ಕೇಳಿಲ್ಲ. ಆ ವಾರ ಅವಳು ಒಬ್ಬ ಗ್ರಾಹಕರಿಗೆ ಪಾಲಿಸಿ ಕಡ್ಡಾಯವಲ್ಲ ಎಂದು ಹೇಳುತ್ತಿದ್ದುದು ಕೇಳಿಸಿದಂತಾಯಿತು. ಪೈಪು ಕತ್ತರಿಸುವ ಸದ್ದಿನಲ್ಲಿ ಖಚಿತವಾಗಿ ಹೇಳಲಾರೆ.

ಮಷಿನ್ ಬಂತು. ಶರಣಮ್ಮ ಅದರಲ್ಲಿ ಮಾಡಿದ ಮೊದಲ ದಿನದ ರೊಟ್ಟಿಗಳನ್ನು ಒಂದು ಕಟ್ಟು ನಮ್ಮ ಬ್ರಾಂಚಿಗೆ ಕಳಿಸಿದರು. 'ತಂಗಿಗೆ' ಎಂದು ಹೇಳಿ ಕಳಿಸಿದ್ದರು, ಆದರೆ ಎಲ್ಲರೂ ತಿಂದರು. ಕೈಯಲ್ಲಿ ಬಡಿದ ರುಚಿ ಇಲ್ಲ ಎಂದು ನವೀನ ಎಲ್ಲರಿಗಿಂತ ಹೆಚ್ಚು ತಿಂದ. ಅಂದು ರಾತ್ರಿ ದಿನಚರಿ ತೆರೆದು, ಅಮ್ಮ ಕತ್ತರಿಸದೆ ಬಿಟ್ಟಿದ್ದ ಪುಟದಲ್ಲಿ, ಬೇಡ ಎಂಬ ಖಾನೆಯಲ್ಲಿ ಒಂದು ಗೀಟು ಹಾಕಿದೆ. ಒಂಟಿ ಗೀಟು. ದಪ್ಪವಾಗಿ ಹಾಕಿದ್ದರಿಂದ ಹಿಂದಿನ ಪುಟದಲ್ಲೂ ಮೂಡಿತು. ಎರಡಾಗಿ ಎಣಿಸಿಕೊಳ್ಳಬಹುದೇ ಎಂದು ಸ್ವಲ್ಪ ಹೊತ್ತು ಯೋಚಿಸಿದೆ.

ಅದರ ಮರುದಿನ ಬೆಳಿಗ್ಗೆ ನಾವು ನಾಲ್ವರೂ, ಶೋಭಾ ಮೇಡಂ ಸೇರಿ, ತಿಂಡಿಗೆ ಹಾರ್ಡ್‌ವೇರ್ ಅಂಗಡಿಯ ಪಕ್ಕದ ಹೋಟೆಲಿಗೆ ಹೋದೆವು. ಮುನಿಸು ಎಷ್ಟಿದ್ದರೂ ತಿಂಡಿಗೆ ಒಟ್ಟಿಗೇ ಹೋಗುವುದು ನಮ್ಮ ಬ್ರಾಂಚಿನ ರೂಢಿ. ನಾನು ಮೆಟ್ಟಿಲು ಇಳಿಯುವಾಗಲೇ ಇಡ್ಲಿ ವಡೆ ಎಂದು ನಿಶ್ಚಯಿಸಿದ್ದೆ. ಎಲೆಕ್ಟ್ರಾನಿಕ್ ಸಿಟಿಗೇ ಬೇಡ ಎಂದವಳು ನಾನು, ಇದೇನು ಮಹಾ! ನವೀನ ಖಾರಾಬಾತ್ ಎಂದ. ಮೇಡಂ ನನಗೂ ಎಂದರು. ಪರ್ವೀನ್ ಬೆರಳು ಎತ್ತಿದಳು. ಸರ್ವರ್ ನನ್ನ ಕಡೆ ತಿರುಗಿದ. ಮೂವರೂ ನನ್ನನ್ನೇ ನೋಡುತ್ತಿದ್ದರು. ಇವಳು ಈಗ ಇಲ್ಲೂ ಏನೋ ತಕರಾರು ತೆಗೆಯುತ್ತಾಳೆ ಎಂಬ ಭಯ ಅವರ ಮುಖದ ಮೇಲೆ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೇ ಅವರ ಮೇಲೆ ಕನಿಕರ ಹುಟ್ಟಿತು.

‘ನಾಲ್ಕು ಮಾಡ್ಬಿಡಿ ಅಣ್ಣ’ ಎಂದೆ. ತಿಂದು ಮೇಲೆ ಬಂದು ಕುಳಿತರೆ, ಪಾತಾಳ ಅಂದು ಎಂದಿಗಿಂತ ಬೇಗ ಇಳಿಯಿತು.